ಆಟಗಾರನ ಎದೆಯ ಮೇಲಿನ ಕಸೂತಿ

ಕಬಡ್ಡಿಯ ಆಟಗಾರನು ಎದುರಾಳಿಗಳ ಅಂಗಳಕ್ಕೆ ನುಗ್ಗುತ್ತಾನೆ. ನಾಲ್ಕೈದು ಕೈಗಳು ಅವನ ಕಾಲನ್ನೂ ಸೊಂಟವನ್ನೂ ಅಂಗಿಯನ್ನೂ ಹಿಡಿದು ಜಗ್ಗುತ್ತವೆ. ಅರ್ಧ ನಿಮಿಷದ ಸೆಣಸಾಟ ಮುಗಿದು ಅವನು ಧೂಳು ಕೊಡವಿಕೊಂಡು ಎದ್ದಾಗ, ಎದೆಯ ಮೇಲಿನ ಲಾಂಛನವು ಮೊದಲಿದ್ದಂತೆಯೇ ಇರುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿನಲ್ಲಿ ಇಂಥ ಪಂದ್ಯಗಳನ್ನು ನೋಡಿ ಆನಂದಿಸಿದ ವಾಚಕರು ಅನೇಕರಿರಬಹುದು. ಆ ಅಂಗೈಯಗಲದ ಕಸೂತಿಯು ಹರಿಯದೆ, ಸುಕ್ಕುಗಟ್ಟದೆ, ಮೈಯನ್ನು ಉಜ್ಜಿ ನೋಯಿಸದೆ ಉಳಿದುದು ಹೇಗೆಂದು ಯೋಚಿಸಿದವರು ಮಾತ್ರ ಕೆಲವರೇ.

ಮೊದಲು ಬಟ್ಟೆಯನ್ನು ಗಮನಿಸೋಣ. ಪಂಚೆ, ಸೀರೆಗಳು ಹಾಸುಹೊಕ್ಕಾಗಿ ನೇಯ್ದ ಬಟ್ಟೆಗಳು. ಆಟದ ಅಂಗಿಯಾದರೋ ಕುಣಿಕೆಯೊಳಗೆ ಕುಣಿಕೆಯಾಗಿ ಹೆಣೆದುದು. ಆದುದರಿಂದಲೇ ಅದು ಮೈಯೊಡನೆ ಹಿಗ್ಗಿ ಕುಗ್ಗಬಲ್ಲದು. ಇಂಥ ಬಟ್ಟೆಯನ್ನು ಚೂಪು ಸೂಜಿಯಿಂದ ಚುಚ್ಚಿದರೆ ಕುಣಿಕೆಯೊಂದು ತುಂಡಾಗಿ, ಅದರ ಹಿಂದಿನವು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಆ ಕಾರಣ ಕುಶಲಿಗಳು ತುದಿ ಗುಂಡಗಿರುವ ಸೂಜಿಯನ್ನು ಬಳಸುತ್ತಾರೆ. ಅದು ನೂಲನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ನುಸುಳುತ್ತದೆ. ಬಟ್ಟೆಯು ಎಳೆತಕ್ಕೆ ಜಗ್ಗದಂತೆ ಅಡಿಯಲ್ಲಿ ಹಿಗ್ಗದ ಹಾಳೆಯೊಂದನ್ನು ಇಡುತ್ತಾರೆ.

ಎರಡನೆಯ ತೊಡಕು ಇನ್ನೂ ವಿಚಿತ್ರವಾದುದು. ಬಟ್ಟೆಯ ಮೇಲೆ ದುಂಡನೆಯ ವೃತ್ತ ಬೇಕಾದರೆ, ನಕ್ಷೆಯಲ್ಲಿ ವೃತ್ತವನ್ನು ಬರೆಯಕೂಡದು! ಪ್ರತಿಯೊಂದು ಹೊಲಿಗೆಯೂ ಬಿಗಿಯಾದಾಗ ತನ್ನ ಎರಡು ತುದಿಗಳನ್ನು ಹತ್ತಿರಕ್ಕೆ ಸೆಳೆಯುತ್ತದೆ. ಸಾವಿರಾರು ಹೊಲಿಗೆಗಳು ಒಂದೇ ದಿಕ್ಕಿನಲ್ಲಿ ಹೀಗೆ ಸೆಳೆದರೆ ವೃತ್ತವು ಆ ದಿಕ್ಕಿನಲ್ಲಿ ಕಿರಿದಾಗಿ ಮೊಟ್ಟೆಯ ಆಕಾರ ತಾಳುತ್ತದೆ. ಆದಕಾರಣ ನಕ್ಷೆಗಾರನು ಆ ದಿಕ್ಕಿನಲ್ಲಿ ಆಕೃತಿಯನ್ನು ಮೊದಲೇ ತುಸು ಅಗಲಿಸುತ್ತಾನೆ. ಮೇಲಿನ ಹೊಲಿಗೆಗೆ ಅಡ್ಡಲಾಗಿ ವಿರಳವಾದ ತಳಹೊಲಿಗೆಯನ್ನೂ ಹಾಕಿಸುತ್ತಾನೆ. ಗೋಡೆಗೆ ಅಡಿಪಾಯವಿದ್ದಂತೆ ಕಸೂತಿಗೆ ಇದು.

ನಕ್ಷೆಯನ್ನು ಇಂದು ಗಣಕಯಂತ್ರದಲ್ಲಿ ಸಿದ್ಧಪಡಿಸುತ್ತಾರೆ. ಆದರೆ ಹೊಲಿಗೆಯ ತತ್ತ್ವವು ಹಳೆಯದೇ. ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ಎಂಬಾತನು ೧೮೬೩ರಲ್ಲಿ ರೂಪಿಸಿದ ಕಸೂತಿಯಂತ್ರದಲ್ಲಿದ್ದಂತೆ, ಈಗಿನ ಯಂತ್ರದಲ್ಲಿಯೂ ಮೇಲಿನ ದಾರವು ಕೆಳಗಿನ ದಾರದೊಡನೆ ಕೊಂಡಿ ಹಾಕಿಕೊಳ್ಳುತ್ತದೆ. ಲಾಂಛನವೊಂದಕ್ಕೆ ೧೦,೦೦೦ ಹೊಲಿಗೆಗಳು ಬೇಕೆಂದೂ, ಯಂತ್ರವು ನಿಮಿಷಕ್ಕೆ ೮೦೦ ಹೊಲಿಗೆಗಳನ್ನು ಹಾಕುವುದೆಂದೂ ಇಟ್ಟುಕೊಂಡರೆ, ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಒಮ್ಮೆ ದಾರ ತುಂಡಾದರೂ ಸಾಕು, ಯಂತ್ರದ ಬಳಿ ನಿಂತವರ ಕಣ್ಣು ಅದನ್ನು ಹಿಡಿಯಬೇಕು.

ಇನ್ನು ದಾರದ ವಿಚಾರ. ಮಳವಳ್ಳಿ, ಮದ್ದೂರು ತಾಲ್ಲೂಕುಗಳ ಹಿಪ್ಪುನೇರಳೆಯ ತೋಟಗಳನ್ನು ಬಲ್ಲವರು ರೇಷ್ಮೆಯನ್ನೇಕೆ ಬಳಸಬಾರದೆಂದು ಕೇಳಬಹುದು. ರೇಷ್ಮೆಯ ಎಳೆಯನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಮೂಲೆ ಸವೆದ ತ್ರಿಕೋಣದಂತೆ ಕಾಣುತ್ತದೆ. ಇದರ ಚಪ್ಪಟೆ ಮೈಗಳಿಂದ ಪ್ರತಿಫಲಿಸಿದ ಬೆಳಕೇ ರೇಷ್ಮೆಯ ಹೊಳಪು. ಆದರೆ ರೇಷ್ಮೆಯು ನೆನೆದಾಗ ಬಲಗುಂದುತ್ತದೆ. ಬಿಸಿಲಿಗೂ ಸಾಬೂನಿನ ಕ್ಷಾರಕ್ಕೂ ಸವೆಯುತ್ತದೆ. ದಿನದಿನವೂ ಬೆವರಿ ಒಗೆಯಬೇಕಾದ ಅಂಗಿಗೆ ಅದು ಸಲ್ಲದು. ಆದುದರಿಂದ ಪಾಲಿಯೆಸ್ಟರ್ ದಾರವನ್ನು ಬಳಸುತ್ತಾರೆ. ಸ್ವಾರಸ್ಯವೇನೆಂದರೆ, ಹೊಳಪಿಗಾಗಿ ಈ ದಾರದ ಎಳೆಯನ್ನೂ ಮುಮ್ಮೂಲೆಯಾಗಿಯೇ ತೆಗೆಯುವುದುಂಟು. ಹುಳುವಿನ ವಿದ್ಯೆಯನ್ನು ಮನುಷ್ಯನು ಕಾರ್ಖಾನೆಯಲ್ಲಿ ಕಲಿತಿದ್ದಾನೆ.

ಇಷ್ಟಾದರೂ ಕಸೂತಿಗೆ ಒಂದು ಎಲ್ಲೆಯುಂಟು. ಒಂದು ಗ್ರಾಂ ಬೆವರು ಆವಿಯಾದಾಗ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ದೇಹದಿಂದ ಒಯ್ಯುತ್ತದೆ. ಒತ್ತಾದ ಹೊಲಿಗೆಯೂ ಅಡಿಯ ಹಾಳೆಯೂ ಸೇರಿ ಆ ದಾರಿಯನ್ನು ಮುಚ್ಚಿಬಿಡುತ್ತವೆ. ಒರಟಾದ ಹಿಂಬದಿಯು ತೊಯ್ದ ಚರ್ಮವನ್ನು ಉಜ್ಜುತ್ತದೆ. ಆದುದರಿಂದ ಒಳ್ಳೆಯ ವಿನ್ಯಾಸಗಾರನು ಲಾಂಛನವನ್ನು ಚಿಕ್ಕದಾಗಿ, ಹಗುರವಾಗಿ ಮಾಡಿ, ಹಿಂಬದಿಗೆ ಮೃದುವಾದ ಹೊದಿಕೆಯನ್ನು ಕೊಡುತ್ತಾನೆ. ಹೆಸರು, ಸಂಖ್ಯೆಗಳಂಥ ದೊಡ್ಡ ಆಕೃತಿಗಳನ್ನು ಅಚ್ಚಿಗೆ ಬಿಡುತ್ತಾನೆ. ಬೆಡಗಿನ ಜರಿ ಕಸೂತಿಯು ಮೆರವಣಿಗೆಯ ಕೋಟಿನ ಜೇಬಿಗೆ ಮೀಸಲು. ಎಲ್ಲಿ ಹೊಲಿಯಬಾರದೆಂಬುದನ್ನು ಅರಿಯುವುದೂ ಈ ಕಲೆಯ ಒಂದು ಭಾಗವೇ.

ಮದ್ದೂರಿನ ಬಳಿಯ ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದಲ್ಲಿ ಸಿದ್ಧ ಉಡುಪಿನ ತಯಾರಿಕೆಯುಂಟು. ಬೆಳಗಿನ ಹೊತ್ತು ಸುತ್ತಣ ಹಳ್ಳಿಗಳಿಂದ ಬುತ್ತಿ ಹಿಡಿದು ಹೊರಡುವ ಹೆಣ್ಣುಮಕ್ಕಳ ಸಾಲನ್ನು ಆ ಹಾದಿಯಲ್ಲಿ ಹೋಗುವವರು ಕಾಣಬಹುದು. ಉಡುಪಿನ ಉದ್ಯಮ ನಿಂತಿರುವುದು ಇಂಥವರ ಕಣ್ಣು, ಬೆರಳು, ಬೆನ್ನುಗಳ ಮೇಲೆ. ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ದುಡಿಯುವವರಿಗೆ ತಕ್ಕ ಬೆಳಕೂ, ಬೆನ್ನಿಗೆ ಆಸರೆಯೂ, ನಡುನಡುವೆ ಬಿಡುವೂ ಬೇಕೆಂದು ಶರೀರವಿಜ್ಞಾನವು ಹೇಳುತ್ತದೆ. ಆಟಗಾರನ ಮೈಗೆ ನೋವಾಗದಂತೆ ಅಂಗಿಯನ್ನು ರೂಪಿಸುವ ವಿಜ್ಞಾನವು, ಆ ಅಂಗಿಯನ್ನು ಹೊಲಿಯುವವರ ಮೈಯನ್ನೂ ನೆನೆಯಬೇಕಷ್ಟೆ.

ಮುಂದೆ ಪಂದ್ಯವನ್ನು ನೋಡುವಾಗ ಗೆದ್ದವರಿಗೆ ಚಪ್ಪಾಳೆ ತಟ್ಟಿರಿ. ಅವರ ಎದೆಯ ಮೇಲಿನ ಆ ಪುಟ್ಟ ವೃತ್ತವು ದುಂಡಗೇ ಇದ್ದರೆ, ಅದನ್ನು ದುಂಡಗೆ ಉಳಿಸಿದವರನ್ನೂ ಒಮ್ಮೆ ನೆನೆಯಿರಿ.