ಡಾಕ್ಟರಾಗುವವರಿಗೆ ಆಟ ಬೇಡವೆ?

2020ರ ಜನವರಿ ಮೊದಲ ವಾರ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆಯಿತು. ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಸಹಯೋಗದಲ್ಲಿ ಈ 80ನೆಯ ಕೂಟವನ್ನು ಏರ್ಪಡಿಸಿದ್ದು ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಅಂದರೆ ವೈದ್ಯರನ್ನೂ ದಾದಿಯರನ್ನೂ ತಯಾರು ಮಾಡುವ ವಿಶ್ವವಿದ್ಯಾಲಯ!

ಬಂಟ್ವಾಳ, ಬೆಳ್ತಂಗಡಿ ಕಡೆಯ ಅನೇಕ ಹೆತ್ತವರಿಗೆ ಇದು ಅಚ್ಚರಿಯ ಸಂಗತಿ. ಮೊಸರುಕುಡಿಕೆಯ ಸ್ಪರ್ಧೆ, ಕೆಸರುಗದ್ದೆಯ ಓಟ, ಊರಿನ ಕಬಡ್ಡಿ, ವಾಲಿಬಾಲ್ ಪಂದ್ಯಗಳಲ್ಲಿ ಮಿಂಚುವ ಮಕ್ಕಳಿಗೆ ಇಲ್ಲಿ ಕೊರತೆಯಿಲ್ಲ. ಆದರೆ ಜಾಣ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮೈದಾನ ಬಿಡುತ್ತಾರೆ. ಪಿಯುಸಿಯ ಎರಡು ವರ್ಷ ನೀಟ್ ತಯಾರಿಗೆ ಮೀಸಲು. ಸೀಟು ಸಿಕ್ಕಿತೆನ್ನಿ, 'ಇನ್ನು ಆಟ ಸಾಕು' ಎಂದು ಮನೆಯವರೇ ಹೇಳುತ್ತಾರೆ. ಒಮ್ಮೆ ಬಿಟ್ಟ ಆಟ ಮತ್ತೆ ಕೈಗೆ ಸಿಗುವುದು ಕಷ್ಟ.

ನಿಜವಾಗಿ ಅವಕಾಶ ತೆರೆಯುವುದೇ ಆಗ. ಆರೋಗ್ಯ ವಿಶ್ವವಿದ್ಯಾಲಯ 1996ರಲ್ಲಿ ಆರಂಭವಾಯಿತು. ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜು, ಮೂಡುಬಿದಿರೆಯ ಆಯುರ್ವೇದ ಕಾಲೇಜುಗಳು ಇದಕ್ಕೆ ಸೇರಿವೆ. ಕಾಲೇಜು ತಂಡದಲ್ಲಿ ಆಡಿದವರು ವಲಯ ಮಟ್ಟಕ್ಕೂ, ಅಲ್ಲಿಂದ ವಿಶ್ವವಿದ್ಯಾಲಯದ ತಂಡಕ್ಕೂ ಏರಬಹುದು. ಮುಂದಿನ ಮೆಟ್ಟಿಲು ಅಂತರ ವಿಶ್ವವಿದ್ಯಾಲಯ ಕೂಟ. ಅದಕ್ಕೆ 25ರ ವಯೋಮಿತಿ ಇದೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಯುವಾಗ ವಿದ್ಯಾರ್ಥಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಆಗಿರುತ್ತದೆ. 'ಡಾಕ್ಟರಾದ ಮೇಲೆ ನೋಡೋಣ' ಎಂದವರಿಗೆ ಬಾಗಿಲು ಮುಚ್ಚಿರುತ್ತದೆ.

ಅಡ್ಡಿಗಳೂ ಸುಳ್ಳಲ್ಲ. ಎಂ.ಬಿ.ಬಿ.ಎಸ್. ಪರೀಕ್ಷೆಗೆ ಕೂರಲು ಪಾಠಗಳಲ್ಲಿ ಶೇ. 75, ಪ್ರಾಯೋಗಿಕ ತರಗತಿಗಳಲ್ಲಿ ಶೇ. 80 ಹಾಜರಾತಿ ಬೇಕು. ತಪ್ಪಿದ ಪಾಠವನ್ನು ಗೆಳೆಯರ ಟಿಪ್ಪಣಿಯಿಂದ ಓದಿಕೊಳ್ಳಬಹುದು. ರೋಗಿಯ ಹಾಸಿಗೆಯ ಪಕ್ಕದ ಕಲಿಕೆಯನ್ನು ಹಾಗೆ ತುಂಬಿಸಲಾಗದು. ಆದ್ದರಿಂದ ಪಂದ್ಯದ ದಿನಾಂಕ ತಿಳಿದೊಡನೆ ವಿಭಾಗದ ಮುಖ್ಯಸ್ಥರನ್ನು ಕಂಡು, ತಪ್ಪುವ ತರಗತಿಗೆ ಬದಲಿ ಏರ್ಪಾಡು ಕೇಳುವುದು ಜಾಣತನ. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು 175 ಗಂಟೆಗಳ ಬುನಾದಿ ಶಿಕ್ಷಣದಲ್ಲಿ 22 ಗಂಟೆಗಳನ್ನು ಕ್ರೀಡೆ ಮತ್ತು ಪಠ್ಯೇತರ ಚಟುವಟಿಕೆಗೆ ಕೊಟ್ಟಿತು. ಆಟ ಓದಿಗೆ ಹೊರಗಿನದಲ್ಲವೆಂದು ಪಠ್ಯಕ್ರಮವೇ ಒಪ್ಪಿದಂತಾಯಿತು.

ಎರಡನ್ನೂ ನಿಭಾಯಿಸಿದವರು ಹಿಂದೆಯೂ ಇದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡದ ನಾಯಕರಾಗಿದ್ದ ತಾಲಿಮೆರೆನ್ ಆವೊ ಆಗ ಕಲ್ಕತ್ತೆಯಲ್ಲಿ ವೈದ್ಯ ವಿದ್ಯಾರ್ಥಿ. ಮುಂದೆ ತಮ್ಮ ನಾಗಾ ನಾಡಿಗೆ ಮರಳಿ ವೈದ್ಯರಾಗಿ ದುಡಿದರು. 1954ರ ಮೇ 6ರಂದು 3 ನಿಮಿಷ 59.4 ಸೆಕೆಂಡುಗಳಲ್ಲಿ ಮೈಲಿ ಓಡಿದ ರೋಜರ್ ಬ್ಯಾನಿಸ್ಟರ್ ಕೂಡ ಲಂಡನ್ನಿನ ವೈದ್ಯ ವಿದ್ಯಾರ್ಥಿಯೇ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವರ ಅಭ್ಯಾಸ ನಡೆಯುತ್ತಿತ್ತು.

ಸುಮ್ಮನೆ ಕುಳಿತವನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ಪಳಗಿದ ಓಟಗಾರನದು ಓಟದ ಭರದಲ್ಲಿ ಅದರ ಐದು ಪಟ್ಟು. ಪುಸ್ತಕದಲ್ಲಿ ಇದನ್ನು ಓದುವ ವಿದ್ಯಾರ್ಥಿ ತನ್ನ ಎದೆಯಲ್ಲೇ ಅದನ್ನು ಕೇಳಿರಲಿ. 'ದಿನಾ ಸ್ವಲ್ಪ ನಡೆಯಿರಿ' ಎಂದು ನಾಳೆ ರೋಗಿಗೆ ಹೇಳುವಾಗ ಆ ಮಾತಿಗೆ ತೂಕ ಬರುತ್ತದೆ.