ಎರಡು ಮಿಲಿಮೀಟರಿನ ತಿರುಪು

ನಮ್ಮ ತಂದೆಯವರು ಹಳೆಯ ಮೈಸೂರು ರಾಜ್ಯದ ಭೂಮಾಪನ ಇಲಾಖೆಯಲ್ಲಿದ್ದವರು. ಅವರು ಬಿಟ್ಟುಹೋದ ವಸ್ತುಗಳ ಪೈಕಿ ನಾನು ಕೇಳಿ ಪಡೆದುಕೊಂಡದ್ದು ಒಂದೇ: ಲಂಡನ್ನಿನಲ್ಲಿ ತಯಾರಾದ, ಅಂಗೈ ಅಗಲದ ಹಿತ್ತಾಳೆಯ ದಿಕ್ಸೂಚಿ. ಕಳೆದ ದೀಪಾವಳಿಗೆ ಕಪಾಟು ಒರೆಸುವಾಗ ಅದು ನನ್ನ ಕೈತಪ್ಪಿ ಬಿತ್ತು. ಗಾಜು ಒಡೆಯಲಿಲ್ಲ. ಆದರೆ ಪ್ರಿಸ್ಮನ್ನು ಹಿಡಿದಿಟ್ಟಿದ್ದ ಎರಡು ತಿರುಪುಗಳಲ್ಲಿ ಒಂದು ಕಣ್ಮರೆಯಾಯಿತು. ಗುಡಿಸಿದ ಕಸವನ್ನು ಮೊರಕ್ಕೆ ಹಾಕಿ ಕೇರಿದರೂ ಸಿಗಲಿಲ್ಲ.

ಉಳಿದ ತಿರುಪನ್ನು ಕಾಗದದಲ್ಲಿ ಮಡಿಸಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವರೆಲ್ಲರ ಪ್ರಶ್ನೆಯೂ ಒಂದೇ: ‘ಸೈಜ್ ಎಷ್ಟು ಸಾರ್?’ ಎಂ.ಎ. ಪದವಿಯಾಗಲಿ, ಮೂವತ್ತು ವರ್ಷಗಳ ಸರ್ಕಾರಿ ಸೇವೆಯಾಗಲಿ ಅದಕ್ಕೆ ಉತ್ತರ ಒದಗಿಸಲಿಲ್ಲ. ಒಂದು ಅಂಗಡಿಯ ಹುಡುಗ ಡಬ್ಬಿಯಿಂದ ಅಂಥದ್ದೇ ಒಂದನ್ನು ಹುಡುಕಿ ತೆಗೆದ. ಅದು ಎರಡು ಸುತ್ತು ಸಲೀಸಾಗಿ ಹೋಗಿ ನಿಂತಿತು. ‘ಸ್ವಲ್ಪ ಒತ್ತಿದರೆ ಕೂರುತ್ತೆ’ ಎಂದು ಅವನು ಕೈಗೆ ಬಲ ತಂದುಕೊಂಡಾಗ ನಾನು ತಡೆದೆ. ಏಕೆ ತಡೆದೆನೆಂಬುದು ಆಗ ನನಗೂ ಗೊತ್ತಿರಲಿಲ್ಲ.

ಅದನ್ನು ವಿವರಿಸಿದವರು ನಮ್ಮ ಬಡಾವಣೆಯ ಹಿರಿಯರೊಬ್ಬರು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ‘ಒತ್ತಿದ್ದರೆ ಹಿತ್ತಾಳೆಯ ಥ್ರೆಡ್ ಕಿತ್ತುಹೋಗುತ್ತಿತ್ತು ಸಾರ್. ತಿರುಪು ಹೋದರೆ ಇನ್ನೊಂದು ಮಾಡಬಹುದು, ತೂತು ಹೋದರೆ ಏನು ಮಾಡುತ್ತೀರಿ?’ ಎಂದರು. ಬಳಿಕ ವರ್ನಿಯರ್ ತೆಗೆದು ತಿರುಪಿನ ಹೊರವ್ಯಾಸ ಅಳೆದರು. 2.17 ಮಿಲಿಮೀಟರ್ ಬಂತು. ತಯಾರಿಕೆಯಲ್ಲಿ ಬಿಡುವ ಸಡಿಲವನ್ನೂ ಸವೆತವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 2.2 ಎನ್ನಬೇಕಂತೆ.

ನನ್ನ ಸಮಸ್ಯೆ ಮುಗಿಯಿತೆಂದುಕೊಂಡೆ. ಅವರು ತಲೆಯಾಡಿಸಿದರು. ಸುಮಾರು 2.2 ಮಿಲಿಮೀಟರ್ ವ್ಯಾಸದವು ಮೂರು ಜಾತಿ. ಒಂದು ಮೆಟ್ರಿಕ್, ಅದರ ಪಿಚ್, ಎಂದರೆ ಒಂದು ಏಣಿನಿಂದ ಮುಂದಿನ ಏಣಿಗಿರುವ ಅಂತರ, 0.45 ಮಿಲಿಮೀಟರ್. ಇನ್ನೊಂದು ಅಮೆರಿಕದ್ದು, ಅಂಗುಲಕ್ಕೆ 56 ಸುತ್ತು, ಅದೂ ಹೆಚ್ಚುಕಡಿಮೆ ಅಷ್ಟೇ. ಮೂರನೆಯದು ಬ್ರಿಟನ್ನಿನ 8 ಬಿ.ಎ.; ಪಿಚ್ 0.43. ವ್ಯಾಸ ಕೇವಲ ಹೆಸರು, ಪಿಚ್ ಕುಲಗೋತ್ರ ಎಂದು ನಕ್ಕರು. ಒಂದು ಸುತ್ತಿನಲ್ಲಿ ವ್ಯತ್ಯಾಸ ಕಾಣದು. ಆದ್ದರಿಂದ ಉಕ್ಕಿನ ಅಳತೆಪಟ್ಟಿಯ ಪಕ್ಕದಲ್ಲಿ ತಿರುಪನ್ನಿಟ್ಟು, ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ, ಒಂದನೆಯ ಏಣಿನಿಂದ ಎಂಟನೆಯದರವರೆಗೆ ಅಳೆದೆವು. ಮೆಟ್ರಿಕ್ ಆಗಿದ್ದರೆ 3.15 ಬರಬೇಕಿತ್ತು, ಬಂದದ್ದು ಸರಿಯಾಗಿ 3. ಅಷ್ಟಕ್ಕೂ ನಂಬದೆ, ತಮ್ಮ ಪೆಟ್ಟಿಗೆಯಲ್ಲಿದ್ದ 8 ಬಿ.ಎ. ತಿರುಪೊಂದನ್ನು ನನ್ನದಕ್ಕೆ ಏಣು ಕಣಿವೆಗೆ ಕೂರುವಂತೆ ಒತ್ತಿಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ನಡುವೆ ಬೆಳಕು ಇಣುಕಲಿಲ್ಲ.

ಈ ಬಿ.ಎ. ಅಳತೆಯ ಚರಿತ್ರೆ ಸ್ವಾರಸ್ಯಕರ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಿಂದ ತಿರುಪುಗಳನ್ನು ಕಲೆಹಾಕಿ, ಸರಾಸರಿ ತೆಗೆದು, ಒಂದು ಏಕರೂಪದ ಪದ್ಧತಿಯನ್ನು ಮುಂದಿಟ್ಟ. ಅದು ದೊಡ್ಡ ಯಂತ್ರಗಳಿಗೆ ಒಗ್ಗಿತು. ಸೂಕ್ಷ್ಮ ಉಪಕರಣಗಳಿಗಾಗಿ ಬ್ರಿಟಿಷ್ ಅಸೋಸಿಯೇಷನ್ನಿನ ಸಮಿತಿ 1884ರಲ್ಲಿ ಬೇರೊಂದು ಪದ್ಧತಿಯನ್ನು ಶಿಫಾರಸು ಮಾಡಿತು. ಸ್ವಿಟ್ಜರ್‌ಲೆಂಡಿನ ಮಾದರಿಯಿಂದ ಎತ್ತಿಕೊಂಡದ್ದರಿಂದ ಅದು ಆರಂಭವಾದದ್ದು ಮಿಲಿಮೀಟರಿನಲ್ಲಿ: ಸೊನ್ನೆ ಸಂಖ್ಯೆಯದು 6 ಮಿಲಿಮೀಟರ್ ದಪ್ಪ, 1 ಮಿಲಿಮೀಟರ್ ಪಿಚ್, ಅಲ್ಲಿಂದ ಮುಂದೆ ಪ್ರತಿ ಸಂಖ್ಯೆಗೂ ಪಿಚ್ ಹತ್ತನೇ ಒಂದು ಭಾಗ ಇಳಿಯುತ್ತದೆ. ಅಂಗುಲ, ಅಡಿಗಳನ್ನು ನಮ್ಮ ಮೇಲೆ ಹೇರಿದ ಸಾಮ್ರಾಜ್ಯವು ತನ್ನ ಸೂಕ್ಷ್ಮ ಉಪಕರಣಗಳೊಳಗೆ ಮೆಟ್ರಿಕ್ ಪದ್ಧತಿಯನ್ನು ಗುಟ್ಟಾಗಿ ಇಟ್ಟುಕೊಂಡಿತ್ತು!

ಇದು ಹವ್ಯಾಸಿಗಳ ಕುತೂಹಲ ಮಾತ್ರವಲ್ಲ. 1904ರ ಫೆಬ್ರುವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ಹೊತ್ತಿ ಉರಿದಾಗ ನೆರೆಯ ಊರುಗಳಿಂದ ಅಗ್ನಿಶಾಮಕ ದಳಗಳು ಧಾವಿಸಿ ಬಂದವು. ಅನೇಕ ದಳಗಳ ನೀರಿನ ಕೊಳವೆಯ ಥ್ರೆಡ್ ಆ ನಗರದ ನಲ್ಲಿಗಳಿಗೆ ಹೊಂದಲಿಲ್ಲ. ಸುಮಾರು 1,500 ಕಟ್ಟಡಗಳು ನಾಶವಾದವು. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಮಾನಕವೆಂಬುದು ಸಾರ್ವಜನಿಕ ಸರಕು. ನಾನು ಬಳಸಿದೆನೆಂದು ನಿಮಗೆ ಕಡಿಮೆಯಾಗದು. ಆದರೆ ಮಾನಕ ಇದ್ದರಷ್ಟೇ ಸಾಲದು, ವಸ್ತುವಿನಲ್ಲಿ ಯಾವ ಮಾನಕ ಬಳಕೆಯಾಗಿದೆಯೆಂಬುದು ಕೊಂಡವನಿಗೆ ತಿಳಿದಿರಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕಿ’ನ ಬಗ್ಗೆ ಸಮಿತಿಯನ್ನು ನೇಮಿಸಿ, ಅದೇ ವರ್ಷ ಜಾಲತಾಣವನ್ನೂ ತೆರೆಯಿತು. ಸ್ವಾಗತಾರ್ಹ. ಆದರೆ ಉಪಕರಣದ ಕೈಪಿಡಿಯಲ್ಲಿ ಪ್ರತಿ ತಿರುಪಿನ ವ್ಯಾಸ, ಪಿಚ್, ಉದ್ದಗಳನ್ನು ಮುದ್ರಿಸಬೇಕೆಂಬ ಒಂದು ನಿಯಮಕ್ಕೆ ಎಷ್ಟು ಖರ್ಚಾದೀತು? ಒಂದು ಸಾಲಿನ ಮಸಿ.

ಹೀಗೆ ಉಪದೇಶಿಸುವ ಅಧಿಕಾರ ನನಗಿದೆಯೇ ಎಂಬುದು ಬೇರೆ ಮಾತು. ಸೇವೆಯಲ್ಲಿದ್ದಾಗ ನಿರುಪಯುಕ್ತ ವಸ್ತುಗಳ ವಿಲೇವಾರಿ ಪಟ್ಟಿಗಳು ನನ್ನ ಮೇಜಿಗೆ ಬರುತ್ತಿದ್ದವು. ಶಾಲೆಗಳ ಸೂಕ್ಷ್ಮದರ್ಶಕಗಳು, ಆಸ್ಪತ್ರೆಗಳ ತಕ್ಕಡಿಗಳು. ಎದುರಿಗೆ ‘ಬಿಡಿಭಾಗ ಅಲಭ್ಯ’ ಎಂಬ ಷರಾ. ನಾನು ರುಜು ಹಾಕುತ್ತಿದ್ದೆ, ಅವು ತೂಕದ ಲೆಕ್ಕದಲ್ಲಿ ಹರಾಜಾಗುತ್ತಿದ್ದವು. ‘ಯಾವ ಬಿಡಿಭಾಗ?’ ಎಂದು ಬರೆದು ಒಂದು ಕಡತವನ್ನಾದರೂ ಹಿಂದಕ್ಕೆ ಕಳುಹಿಸಿದ ನೆನಪಿಲ್ಲ. ಅವುಗಳಲ್ಲಿ ಎಷ್ಟು ಉಪಕರಣಗಳಿಗೆ ಇಂಥದ್ದೊಂದು ತಿರುಪಷ್ಟೇ ಬೇಕಿತ್ತೋ!

ಹಿರಿಯರ ಬಳಿ 8 ಬಿ.ಎ. ಡೈ ಇತ್ತು. ಪೀಣ್ಯದಲ್ಲಿ ಅವರ ಶಿಷ್ಯರೊಬ್ಬರ ಲೇತ್ ಇತ್ತು. ಒಂದು ಸಂಜೆ ಹಿತ್ತಾಳೆ ಸರಳಿನಿಂದ ಎರಡು ತಿರುಪುಗಳು ತಯಾರಾದವು. ಹೊಸದು ಬೆರಳ ತುದಿಯ ಬಲಕ್ಕೇ ಕೊನೆಯವರೆಗೆ ಇಳಿಯಿತು. ಹಣ ಕೊಡಹೋದರೆ ಇಬ್ಬರೂ ಒಪ್ಪದೆ ಕಾಫಿಗೆ ಬರುತ್ತೇವೆಂದರು. ಮಿಕ್ಕ ಒಂದನ್ನು ದಿಕ್ಸೂಚಿಯ ಚರ್ಮದ ಚೀಲದಲ್ಲಿಟ್ಟು, ಜೊತೆಗೆ ಒಂದು ಚೀಟಿಯನ್ನೂ ಸೇರಿಸಿದ್ದೇನೆ: ‘8 ಬಿ.ಎ., ವ್ಯಾಸ 2.2, ಪಿಚ್ 0.43, ಒತ್ತಬೇಡಿ’.