ಭಟ್ಟಿ ಆರಿದ ಜಾಗ: ಪ್ಲಾಟೋ, ದುಡಿಮೆಯೋ?

ಖಾನಾಪುರದಲ್ಲಿ ಬಸ್ಸು ಬದಲಿಸಿ ನಂದಗಡಕ್ಕೆ ಹೋಗುವವರಿಗೆ ಹಂಚಿನ ಕಾರ್ಖಾನೆಯ ಚಿಮಣಿ ಹೊಸದಲ್ಲ. ಮಲಪ್ರಭೆಯ ಸೀಮೆಯ ಜಿಗುಟು ಮಣ್ಣು, ಪಕ್ಕದಲ್ಲೇ ಕಾಡಿನ ಸೌದೆ, ಮಾಲು ಸಾಗಿಸಲು ರೈಲು. ಈ ಮೂರನ್ನು ನಂಬಿ ಈ ತಾಲೂಕಿನಲ್ಲಿ ಭಟ್ಟಿಗಳು ಉರಿದವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚು ಇಲ್ಲಿಯ ಮಣ್ಣಿನಲ್ಲೂ ಚೆಂದ ಬೆಂದಿತು.

ಆಮೇಲೆ ಸ್ಲ್ಯಾಬಿನ ಮನೆ ಬಂತು, ತಗಡು ಬಂತು. ಹಂಚು ಕೇಳುವವರು ಕಡಿಮೆಯಾದರು, ಸೌದೆ ತುಟ್ಟಿಯಾಯಿತು. ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ತಪ್ಪೇನಲ್ಲ. ಗದ್ದೆಯ ಮೇಲ್ಮಣ್ಣು ಹೋದರೆ ಭತ್ತ ಎಲ್ಲಿ ಬೆಳೆಯೋದು?

ಈಗ ಪ್ರಶ್ನೆ ಇಷ್ಟೇ. ಭಟ್ಟಿ ಆರಿದ ಜಾಗ ಏನಾಗಬೇಕು?

‘ಎನ್.ಎ. ಮಾಡಿಸಿ ಪ್ಲಾಟ್ ಹಾಕ್ರಿ, ಮುಗೀತು’ ಅನ್ನುವವರುಂಟು. ಸರಿ. ಆದರೆ ಪ್ಲಾಟಿನ ರೊಕ್ಕ ಒಂದೇ ಸಲ, ಒಂದೇ ಮನೆಗೆ. ಕೂಲಿಯ ರೊಕ್ಕ ಹಾಗಲ್ಲ. ವಾರಕ್ಕೊಮ್ಮೆ ಕಿರಾಣಿ ಅಂಗಡಿಗೆ, ಬಟ್ಟೆ ಅಂಗಡಿಗೆ, ಚಹಾದ ಹೋಟೆಲಿಗೆ ಬರುತ್ತದೆ. ಕಾರ್ಖಾನೆ ಮುಚ್ಚಿದರೆ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಇದು ಅಂಗಡಿಕಾರರಿಗೆ ನಾವು ಹೇಳಿಕೊಡಬೇಕಾದ ಲೆಕ್ಕವಲ್ಲ.

ಇದರ ಪಾಠವನ್ನು ನಂದಗಡವೇ ಕಲಿತಿದೆ. ಗೋವೆಯ ಘಟ್ಟ ಹತ್ತಿ ಬರುತ್ತಿದ್ದ ಮಾಲಿಗೆ ಒಂದು ಕಾಲಕ್ಕೆ ಇದು ದೊಡ್ಡ ಪೇಟೆ. 1880ರ ದಶಕದಲ್ಲಿ ರೈಲು ಬಂತು. ಖಾನಾಪುರ, ಲೋಂಡಾ ಮೇಲೆ ಹೋಯಿತು, ನಂದಗಡವನ್ನು ಮುಟ್ಟಲಿಲ್ಲ. ಹಳಿ ಎಲ್ಲಿ ಹಾಕಬೇಕೆಂದು ಪೇಟೆಯವರನ್ನು ಯಾರು ಕೇಳಬೇಕಿತ್ತು? ಆಗ ಪರರ ಆಳ್ವಿಕೆ. ಈಗ ಆ ನೆಪ ಇಲ್ಲ.

ಹಾಗಂತ ಹಳೇ ಭಟ್ಟಿಗೆ ಕಣ್ಣೀರು ಹಾಕುತ್ತ ಕೂಡ್ರಬೇಕಿಲ್ಲ. ಕೈಯಿಂದ ಮಣ್ಣು ತೆಗೆಯುವ ಕುಂಬಾರರಿಗೂ ಹಂಚು ಮಾಡುವವರಿಗೂ ಕೇಂದ್ರ ಸರಕಾರ 2016ರಲ್ಲಿ ಪರಿಸರ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೇ ಖಾನಾಪುರದಲ್ಲಿದೆ. ಹಳೇ ಶೆಡ್ಡಿನ ಒಂದು ಪಾಲಿನಲ್ಲಿ ಗ್ಯಾಸಿನ ಭಟ್ಟಿ ಹಾಕಿ ಕುಡಿಕೆ, ಹೂಜಿ, ಅಲಂಕಾರದ ಹಂಚು ಮಾಡಬಹುದು. ಉಳಿದ ಪಾಲನ್ನು ಸಣ್ಣ ಉದ್ಯಮಗಳಿಗೆ ಬಾಡಿಗೆಗೆ ಕೊಡಬಹುದು. ಮಣ್ಣು ತೆಗೆದ ಹೊಂಡ ಕೆರೆಯಾಗಬಹುದು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಜನ ಬರುತ್ತಾರೆ, ಕೈಮುಗಿದು ಹೋಗುತ್ತಾರೆ. ಅವರ ಕೈಯಲ್ಲಿ ಈ ಸೀಮೆಯ ಮಣ್ಣಿನದೊಂದು ಹಣತೆಯಾದರೂ ಇರಬಾರದೇ?

ಎಲ್ಲವೂ ನಡೆದೀತು ಎಂದು ನಾವು ಹೇಳುವುದಿಲ್ಲ. ಗ್ಯಾಸು ಸೌದೆಯಷ್ಟು ಅಗ್ಗವಲ್ಲ, ಗಿರಾಕಿ ತಾನಾಗಿ ಬರುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡುವ ಮೊದಲೇ ಪ್ಲಾಟಿಗೆ ಕಲ್ಲು ನೆಟ್ಟರೆ ಮುಂದೆ ಕೀಳಲಾಗದು.

ಉದ್ಯಮದ ಜಾಗವನ್ನು ವಾಸಕ್ಕೆ ಬದಲಿಸಲು ಸರಕಾರದ ಅನುಮತಿ ಬೇಕು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನಿದೆ. ಜಾಗ ಮಾಲೀಕನದು, ಒಪ್ಪೋಣ. ಊರಿನ ದುಡಿಮೆ ಊರಿನದು. ಮುಂದಿನ ಗ್ರಾಮಸಭೆಯ ದಿನ ಅಂಗಡಿ ಒಂದು ತಾಸು ಮುಚ್ಚಿ, ಬಸ್ಸು ಒಂದು ತಪ್ಪಿಸಿ, ಹೋಗಿ ಕೇಳಿರಿ: ‘ಇಲ್ಲಿ ಎಷ್ಟು ಮಂದಿಗೆ ಕೆಲಸ ಸಿಗ್ತದ್ರೀ?’